ಸೆರಿನ್ ಕಿಣ್ವವೋ, ಸತುವಿನ ಕಿಣ್ವವೋ?

ಕಾಸರಗೋಡು ಕಡೆಯ ಎಂಎಸ್ಸಿ ಮಕ್ಕಳು ಪ್ರಾಜೆಕ್ಟ್ ಆರಿಸುವಾಗ ಕೇಳುವುದು ಇದನ್ನೇ: ಪೆನ್ಸಿಲಿನ್ ಒಡೆಯುವ ಬ್ಯಾಕ್ಟೀರಿಯಾದ ಕಿಣ್ವವನ್ನು ತಡೆಯಬೇಕು, ಯಾವ ಬಗೆಯದನ್ನು ಹಿಡಿಯಲಿ?

ಸೆರಿನ್ ಎಂಬ ಅಮೈನೋ ಆಮ್ಲದಿಂದ ಔಷಧ ಒಡೆಯುವ ಬಗೆಯಲ್ಲಿ ದಾರಿ ಸವೆದಿದೆ. ಕುಂಬಳೆಯ ಮೆಡಿಕಲ್ ಶಾಪಿನಲ್ಲೂ ಸಿಗುವ 625ರ ಮಾತ್ರೆ ನೋಡಿ: 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲಾನಿಕ್ ಆಮ್ಲ. ಈ ಆಮ್ಲ ಸೆರಿನ್‌ಗೆ ಅಂಟಿ ಕಿಣ್ವವನ್ನು ಕೆಡಿಸುತ್ತದೆ, ತಾನೂ ಮುರಿಯುತ್ತದೆ. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅವಿಬ್ಯಾಕ್ಟಮ್ ಎಂಬ ಇನ್ನೊಂದು ತಡೆಯಣು ಹಾಗಲ್ಲ. ಅಂಟುತ್ತದೆ, ಬಿಡುವಾಗ ಹೆಚ್ಚಾಗಿ ಇಡಿಯಾಗಿಯೇ ಹೊರಬಂದು ಮತ್ತೆ ಅಂಟುತ್ತದೆ. ಈ ವಿನ್ಯಾಸ ನನಗೆ ತುಂಬಾ ಇಷ್ಟ.

ಎನ್‌ಡಿಎಂ ಎಂಬ ಕಿಣ್ವದಂಥ ಸತುವಿನ ಬಗೆಯಲ್ಲಿ ಹಾಗೆ ಅಂಟಲು ಸೆರಿನ್ ಇಲ್ಲ. ಸತು ಹಿಡಿದ ನೀರೇ ಔಷಧವನ್ನು ಒಡೆಯುತ್ತದೆ. ಅವಿಬ್ಯಾಕ್ಟಮ್ ಇಲ್ಲಿ ಕೆಲಸ ಮಾಡದು. ಸುಮ್ನೆ ಸತುವನ್ನು ಎಳೆದು ತೆಗೆದರಾಯ್ತು ಅನ್ನಿಸಬಹುದು. ಆದರೆ ನಮ್ಮ ಮೈಯ ಎಷ್ಟೋ ಕಿಣ್ವಗಳಿಗೂ ಸತು ಬೇಕು, ಅಲ್ವಾ?

ಎರಡಕ್ಕೂ ನೈಟ್ರೋಸೆಫಿನ್ ಪರೀಕ್ಷೆ ನಡೆಯುತ್ತದೆ; ನೈಟ್ರೋಸೆಫಿನ್ ಅಂದರೆ ಈ ಕಿಣ್ವ ಒಡೆದಾಗ ಬಣ್ಣ ಬದಲಿಸುವ ವಸ್ತು. ಕಿಣ್ವ ಕೆಲಸ ಮಾಡಿದರೆ ಹಳದಿ ಕೆಂಪಾಗುತ್ತದೆ, ತಡೆದರೆ ಹಳದಿಯೇ ಉಳಿಯುತ್ತದೆ. ಸತುವಿನದ್ದರಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು: ಪರೀಕ್ಷೆಯ ಬಫರ್ ದ್ರಾವಣದಲ್ಲಿ ಲೋಹ ಹಿಡಿಯುವ ಇಡಿಟಿಎ ಸೇರಿದ್ದರೆ ಅದೇ ಸತುವನ್ನು ಕಿತ್ತುಕೊಂಡು, ಕೆಲಸಕ್ಕೆ ಬಾರದ ಅಣುವೂ ಗೆದ್ದಂತೆ ಕಾಣುತ್ತದೆ.

ಒಂದೇ ಸೆಮಿಸ್ಟರ್ ಇದ್ದರೆ ಸೆರಿನ್ ತೆಗೆದುಕೊಳ್ಳಿ. ಪಿಎಚ್‌ಡಿವರೆಗೆ ಹೋಗುವ ಮನಸ್ಸಿದ್ದರೆ ಸತುವನ್ನೇ ಹಿಡಿಯಿರಿ, ಅಲ್ಲಿ ಔಷಧ ತುರ್ತಾಗಿ ಬೇಕಾಗಿದೆ.