ಮೂರನೆಯ ದಿನಕ್ಕೇ ಬಂದ ಫೋನು: ಪದವಿ ಕಾಲೇಜೊಂದರ ವಿದ್ಯಾರ್ಥಿ ಸಹಾಯ ಕೇಂದ್ರದ ಬಗ್ಗೆ

ದಕ್ಷಿಣ ಬೆಂಗಳೂರಿನ ಅನುದಾನಿತ ಪದವಿ ಕಾಲೇಜೊಂದರಲ್ಲಿ ನನ್ನ ತಂಗಿಯ ಮಗ ಬಿ.ಕಾಂ. ಓದುತ್ತಿದ್ದಾನೆ. ಅವನ ಊರು ಪಾವಗಡ ತಾಲ್ಲೂಕಿನಲ್ಲಿದೆ; ಕಾಲೇಜಿನ ದಾಖಲೆಯಲ್ಲಿ ಇಲ್ಲಿನ ಪೋಷಕಿ ಎಂದು ನನ್ನ ಹೆಸರಿದೆ. ಒಂದೂವರೆ ವರ್ಷದಿಂದ ಆ ಕಾಲೇಜಿನ ವಿದ್ಯಾರ್ಥಿ ಸಹಾಯ ಕೇಂದ್ರವನ್ನು ಹತ್ತಿರದಿಂದ ನೋಡಿದ್ದೇನೆ. ಅಲ್ಲಿ ಕೆಲಸ ಮಾಡುವವರು ಮೂವರೇ ಆದ್ದರಿಂದ, ಮತ್ತು ನನ್ನ ಮಾತಿನಲ್ಲಿ ಮೆಚ್ಚುಗೆಯ ಜೊತೆಗೆ ಆಕ್ಷೇಪಣೆಯೂ ಇರುವುದರಿಂದ, ಕಾಲೇಜಿನ ಹೆಸರನ್ನು ಬರೆಯುತ್ತಿಲ್ಲ. ಆದರೂ ಮಕ್ಕಳನ್ನು ಪದವಿಗೆ ಸೇರಿಸುವ ತಂದೆತಾಯಿಗಳು ಫಲಿತಾಂಶವನ್ನೂ ಶುಲ್ಕವನ್ನೂ ವಿಚಾರಿಸುವಷ್ಟೇ ಆಸ್ಥೆಯಿಂದ ಈ ಸೇವೆಯ ಬಗ್ಗೆಯೂ ವಿಚಾರಿಸಬೇಕು ಎಂದು ನನಗೆ ಅನ್ನಿಸಿರುವುದರಿಂದ ಇದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಸೆಮಿಸ್ಟರಿನ ನಡುವೆ, ಒಂದು ಗುರುವಾರ ಮಧ್ಯಾಹ್ನ, ಕಾಲೇಜಿನಿಂದ ನನಗೆ ಫೋನು ಬಂತು. ಮಾತನಾಡಿದವರು ಅವನ ಮೆಂಟರ್, ಅಂದರೆ ಅವನ ಓದು ಮತ್ತು ಕಷ್ಟಸುಖ ವಿಚಾರಿಸುವ ಹೊಣೆ ಹೊತ್ತ ಅಧ್ಯಾಪಕರು. "ಮೇಡಂ, ನಿಮ್ಮ ಹುಡುಗ ಮೂರು ದಿನದಿಂದ ತರಗತಿಗೆ ಬಂದಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ಕೇಳೋಣ ಅಂತ ಮಾಡಿದೆ" ಎಂದರು. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಮಾತನ್ನು ಅವರು ಎತ್ತಲೇ ಇಲ್ಲ. ನಮ್ಮ ಮನೆ ಚಿಕ್ಕದಾದ್ದರಿಂದ, ಹಾಸ್ಟೆಲ್‌ನಲ್ಲಿ ಸೀಟೂ ಸಿಗದಿದ್ದುದರಿಂದ, ಅವನು ಶ್ರೀನಗರದಲ್ಲಿ ಇನ್ನಿಬ್ಬರು ಹುಡುಗರ ಜೊತೆ ರೂಮು ಮಾಡಿಕೊಂಡಿದ್ದ. ಅವನು ಕಾಲೇಜಿಗೆ ಹೋಗುತ್ತಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ. ಆ ಸಂಜೆ ರೂಮಿಗೆ ಹೋಗಿ ಕಾದು ಕುಳಿತೆ. ರಾತ್ರಿ ಒಂಬತ್ತೂವರೆಗೆ ಬಂದವನ ಅಂಗಿಯ ತುಂಬ ಬಟ್ಟೆಯ ನೂಲಿನ ಎಳೆಗಳು ಅಂಟಿಕೊಂಡಿದ್ದವು. ಚಿಕ್ಕಪೇಟೆಯ ಸಗಟು ಬಟ್ಟೆ ಅಂಗಡಿಯೊಂದಕ್ಕೆ ಸೇರಿದ್ದಾನೆ ಎಂದು ಆಗ ತಿಳಿಯಿತು. ಊರಿನಲ್ಲಿ ಶೇಂಗಾ ಕೈಕೊಟ್ಟಿತ್ತು, ಬರಬೇಕಾದ ವಿದ್ಯಾರ್ಥಿವೇತನ ಬಂದಿರಲಿಲ್ಲ, ರೂಮಿನ ಬಾಡಿಗೆ ಎರಡು ತಿಂಗಳಿಂದ ಬಾಕಿ ಇತ್ತು. "ದೊಡ್ಡಮ್ಮ, ನಿಮ್ಮ ಹತ್ತಿರ ಕೇಳಲು ಮುಜುಗರವಾಯಿತು" ಎಂದು ತಲೆ ತಗ್ಗಿಸಿದ.

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವಳು. ಓದು ಬಿಡುವ ಮಕ್ಕಳು ಒಮ್ಮೆಗೇ ಬಿಡುವುದಿಲ್ಲ. ಎರಡು ದಿನ ತಪ್ಪಿಸಿಕೊಳ್ಳುತ್ತಾರೆ, ನಾಲ್ಕನೆಯ ದಿನ ಬರಲು ನಾಚಿಕೆ, ಹತ್ತನೆಯ ದಿನ ಹೆದರಿಕೆ, ಆಮೇಲೆ ಬರುವುದೇ ಇಲ್ಲ. ಶೇಕಡಾ 75 ಹಾಜರಾತಿಯ ನಿಯಮವನ್ನು ಎಲ್ಲ ಕಾಲೇಜುಗಳೂ ಗೋಡೆಗೆ ಅಂಟಿಸಿರುತ್ತವೆ. ಕೊರತೆಯ ಪಟ್ಟಿ ಮಾತ್ರ ಸೆಮಿಸ್ಟರಿನ ಕೊನೆಯಲ್ಲಿ, ಏನೂ ಮಾಡಲಾಗದ ಹೊತ್ತಿಗೆ ಹೊರಬೀಳುತ್ತದೆ. ಈ ಕಾಲೇಜಿನಲ್ಲಿ ಸತತ ಮೂರು ದಿನ ಬಾರದವರ ಹೆಸರು ಆ ದಿನವೇ ಮೆಂಟರ್ ಕೈಗೆ ಹೋಗುತ್ತದೆ. ಈ ಒಂದು ಏರ್ಪಾಡಿಗಾಗಿಯೇ ನಾನು ಈ ಕೇಂದ್ರವನ್ನು ಮನಸಾರೆ ಮೆಚ್ಚುತ್ತೇನೆ.

ಮರುದಿನ ಅವನನ್ನು ಕರೆದುಕೊಂಡು ಕೇಂದ್ರಕ್ಕೆ ಹೋದೆ. ಗ್ರಂಥಾಲಯದ ಮೆಟ್ಟಿಲ ಪಕ್ಕದ ಸಣ್ಣ ಕೊಠಡಿ. ಒಂದು ಕಂಪ್ಯೂಟರ್, ಒಂದು ಬೀರು, ಎರಡು ಬೆಂಚು. ವಿದ್ಯಾರ್ಥಿವೇತನದ ಕೆಲಸ ನೋಡಿಕೊಳ್ಳುವ ಸಹಾಯಕಿ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ತೆರೆದು, ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ, ಒಂದೊಂದು ಸಾಲನ್ನೂ ಓದಿ ಹೇಳಿದರು. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಲ್ಲಿ ಸರ್ಕಾರಿ ಹಾಸ್ಟೆಲ್ ಸಿಗದವರಿಗೆ ಊಟ ಮತ್ತು ವಸತಿಗೆಂದು ಕೊಡುವ ವಿದ್ಯಾಸಿರಿಗೆ, ಅಂದರೆ ಆಗ ತಿಂಗಳಿಗೆ 1,500 ರೂಪಾಯಿಯಂತೆ ಇದ್ದ ಹತ್ತು ತಿಂಗಳ ನೆರವಿಗೆ, ಅವನು ಅರ್ಜಿ ಹಾಕಿದ್ದ. ಅರ್ಜಿ ಮಂಜೂರಾಗಿಯೇ ಇತ್ತು. ಅವನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲವಾದ್ದರಿಂದ ಹಣ ಮಾತ್ರ ಜಮೆಯಾಗಿರಲಿಲ್ಲ. ಊರಿನ ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿದ್ದೇನಲ್ಲ ಎಂದು ಅವನು ವಾದಿಸಿದ. ಗುರುತಿನ ದಾಖಲೆಯಾಗಿ ಪ್ರತಿ ಕೊಡುವುದು ಬೇರೆ, ಸರ್ಕಾರದ ಹಣ ಇದೇ ಖಾತೆಗೆ ಬರಲಿ ಎಂದು ಜೋಡಣೆ ಮಾಡಿಸುವುದು ಬೇರೆ, ಅದಕ್ಕೆ ಪ್ರತ್ಯೇಕ ಒಪ್ಪಿಗೆ ಪತ್ರ ಕೊಡಬೇಕು ಎಂದು ಆಕೆ ಬೇಸರವಿಲ್ಲದೆ ಬಿಡಿಸಿ ಹೇಳಿದರು. ಅರ್ಜಿ ನಮೂನೆಯನ್ನೂ ತಾವೇ ಮುದ್ರಿಸಿಕೊಟ್ಟರು. ಐದು ವಾರಗಳ ನಂತರ ಹಣ ಬಂತು. ಅಲ್ಲಿಯವರೆಗಿನ ಬಾಡಿಗೆಯನ್ನು ನಾವು ಕೊಟ್ಟೆವು. ಬೆಂಚಿನ ಮೇಲೆ ಕಾಯುತ್ತಿದ್ದ ಇತರರ ತೊಂದರೆಗಳೂ ಇಂಥವೇ: ಒಬ್ಬಳಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಇನ್ನೊಬ್ಬನಿಗೆ ನಾಡಕಚೇರಿಯ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಪೋರ್ಟಲ್ ಒಪ್ಪುತ್ತಿಲ್ಲ. ಸೈಬರ್ ಅಂಗಡಿಯಲ್ಲಿ ಹಣ ಕೊಟ್ಟು ಅರ್ಜಿ ತುಂಬಿಸಬಹುದು, ಅದು ಏಕೆ ನಿಂತಿತು ಎಂದು ಹುಡುಕಿಕೊಡುವವರು ಅಲ್ಲಿರುವುದಿಲ್ಲ.

ಹಣದ ತೊಂದರೆ ಬಗೆಹರಿದ ಮೇಲೂ ಅವನಿಗೆ ತರಗತಿಯಲ್ಲಿ ಕೂರುವುದು ಕಷ್ಟವಾಗುತ್ತಿತ್ತು, ಏಕೆಂದರೆ ಪಿಯುಸಿಯವರೆಗೆ ಅವನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಡೆಪ್ರಿಸಿಯೇಷನ್ ಎಂಬ ಮಾತು ಕೇಳಿದ ಕೂಡಲೇ ಏನೋ ಹೊಸ ಪಾಠವೆಂದು ಗಾಬರಿಯಾಗಿದ್ದನಂತೆ. ಅದು ತನಗೆ ಚೆನ್ನಾಗಿ ಬರುವ ಸವಕಳಿಯೇ ಎಂದು ತಿಳಿಯಲು ಎರಡು ವಾರ ಹಿಡಿಯಿತು. ಕೇಂದ್ರದವರು ಸಂಜೆ ನಾಲ್ಕರ ನಂತರ ವಾರಕ್ಕೆ ಮೂರು ದಿನ ನಡೆಸುವ ಬ್ರಿಡ್ಜ್ ಕೋರ್ಸ್‌ಗೆ, ಅಂದರೆ ಇಂಥ ಅಂತರವನ್ನು ತುಂಬುವ ಪಾಠಗಳಿಗೆ, ಅವನನ್ನು ಸೇರಿಸಿದರು. ಅವನ ನೋಟ್‌ಬುಕ್ ಈಗಲೂ ನನ್ನ ಮುಂದಿದೆ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ತಾಳೆಪಟ್ಟಿ, ಬಲಕ್ಕೆ ಟ್ರಯಲ್ ಬ್ಯಾಲೆನ್ಸ್. ಎಡಕ್ಕೆ ಸಾಲಗಾರರು, ಬಲಕ್ಕೆ ಡೆಟರ್ಸ್. ಹೀಗೆ ಹನ್ನೊಂದು ಪುಟಗಳಿವೆ. ಗೊತ್ತಿರುವುದನ್ನೇ ಗೊತ್ತಿಲ್ಲವೆಂದು ನಂಬಿ ಎಷ್ಟು ಮಕ್ಕಳು ಹಿಂದಿನ ಬೆಂಚಿಗೆ ಸರಿದು ಕೊನೆಗೆ ಊರಿಗೆ ಮರಳಿದ್ದಾರೋ ಎಂದು ಆ ಪುಟಗಳನ್ನು ನೋಡುವಾಗ ನನಗೆ ಸಂಕಟವಾಗುತ್ತದೆ.

ಪ್ರವೇಶದ ಮೊದಲ ವಾರದ ಪರಿಚಯ ಕಾರ್ಯಕ್ರಮದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಭಾಷಣಗಳೇ ಜಾಸ್ತಿ, ಸಹಾಯ ಕೇಂದ್ರ ಎಲ್ಲಿದೆ ಎಂದು ಯಾರೂ ತೋರಿಸಲಿಲ್ಲ.

ಮೆಂಟರ್ ಎಂಬ ಪದ್ಧತಿ ಈ ಕಾಲೇಜಿನ ವಿಶೇಷವೇನಲ್ಲ. 1994ರಲ್ಲಿ ಸ್ಥಾಪನೆಯಾಗಿ ನಮ್ಮ ನಾಗರಬಾವಿಯಲ್ಲೇ ಕಚೇರಿ ಹೊಂದಿರುವ, ಕಾಲೇಜುಗಳ ಗುಣಮಟ್ಟ ಪರಿಶೀಲಿಸುವ ಸಂಸ್ಥೆಯಾದ ನ್ಯಾಕ್, ಶ್ರೇಣಿ ಕೊಡಲು ಬಹುಕಾಲ ಬಳಸಿದ ಏಳು ಮಾನದಂಡಗಳಲ್ಲಿ ವಿದ್ಯಾರ್ಥಿಗಳಿಗೆ ಸಿಗುವ ಬೆಂಬಲವೂ ಒಂದಾಗಿತ್ತು; ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಎಂಬ ಲೆಕ್ಕವನ್ನೂ ಅದು ಕೇಳುತ್ತಿತ್ತು. ಹೀಗಾಗಿ ವಿದ್ಯಾರ್ಥಿಗಳ ಬಗ್ಗೆ ಮೆಂಟರ್ ಬರೆದಿಡುವ ಪುಸ್ತಕ ಅನೇಕ ಕಾಲೇಜುಗಳಲ್ಲಿ ಇರುತ್ತದೆ, ಪರಿಶೀಲನಾ ತಂಡ ಬರುವ ಹಿಂದಿನ ವಾರ ಒಂದೇ ಪೆನ್ನಿನಲ್ಲಿ ತುಂಬಿದ ಪುಸ್ತಕಗಳನ್ನೂ ನಾನು ಬೇರೆಡೆ ನೋಡಿದ್ದೇನೆ. ನಮ್ಮ ಹುಡುಗನ ಪುಟದಲ್ಲಿ ಬೇರೆ ಬೇರೆ ಶಾಯಿಯಲ್ಲಿ, ಬೇರೆ ಬೇರೆ ದಿನ ಬರೆದ ಸಾಲುಗಳಿವೆ: "ಬ್ಯಾಂಕಿಗೆ ಹೋಗಿದ್ದಾನೆ, ಸೋಮವಾರ ಕೇಳಬೇಕು." ಸೋಮವಾರದ ಸಾಲೂ ಅದರ ಕೆಳಗಿದೆ.

ಇನ್ನು ನನ್ನ ಆಕ್ಷೇಪಣೆ. ಆಪ್ತ ಸಮಾಲೋಚಕರು ವಾರಕ್ಕೆ ಎರಡು ದಿನ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗೆ ಬರುತ್ತಾರೆ. ಅದು ತರಗತಿಗಳು ನಡೆಯುವ ಹೊತ್ತು. ಅವರ ಕೊಠಡಿಯ ಬಾಗಿಲು ನೇರವಾಗಿ ಕ್ಯಾಂಟೀನ್‌ಗೆ ಎದುರಾಗಿದೆ. ಮನಸ್ಸಿನ ನೋವನ್ನು ಹೇಳಿಕೊಳ್ಳಲು ಹದಿನೆಂಟರ ಹುಡುಗನೊಬ್ಬ, ಟೀ ಕುಡಿಯುತ್ತ ನಿಂತ ಇಡೀ ತರಗತಿಯ ಕಣ್ಣೆದುರು ಆ ಬಾಗಿಲು ತಟ್ಟಿ ಒಳಗೆ ಹೋಗಬೇಕು ಎಂದರೆ ಅವನು ಹೋಗಲಾರ. ನಮ್ಮವನಂತೂ ಒಂದು ಸಲವೂ ಹೋಗಲಿಲ್ಲ. ಬಾಗಿಲ ಮೇಲೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ದೊಡ್ಡದಾಗಿ ಬರೆದಿರುವುದು ಒಳ್ಳೆಯದೇ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಆ ಸಹಾಯವಾಣಿಗೆ ನಮ್ಮ ನಿಮ್ಹಾನ್ಸ್ ಮಾರ್ಗದರ್ಶನವಿದೆ, ಹಗಲೂ ರಾತ್ರಿಯೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಆದರೆ ಅದನ್ನು ಬಾಗಿಲಿಗೆ ಬರೆದುಬಿಟ್ಟರೆ ಕಾಲೇಜಿನ ಹೊಣೆ ಮುಗಿಯುವುದಿಲ್ಲ.

ಇದನ್ನೆಲ್ಲ ಕೇಂದ್ರದ ಸಲಹಾ ಪುಸ್ತಕದಲ್ಲಿ ಕಳೆದ ಸೆಮಿಸ್ಟರಿನಲ್ಲೇ ಬರೆದೆ. ಸಮಾಲೋಚಕರು ಈಗ ಗುರುವಾರ ಸಂಜೆ ಐದೂವರೆಯವರೆಗೆ ಇರುತ್ತಾರೆ. ಕೊಠಡಿಯನ್ನು ಎರಡನೆಯ ಮಹಡಿಗೆ ಬದಲಾಯಿಸುವ ವಿಷಯಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕೆಂದು ಹೇಳಿದ್ದಾರೆ. ಸದ್ಯಕ್ಕೆ ಬಾಗಿಲ ಮುಂದೆ ಒಂದು ಮರದ ತಡಿಕೆ ಇಟ್ಟಿದ್ದಾರೆ.