ಬ್ಲಾಗರ್ ಸಾಕೇ, ಸ್ವಂತ ಜಾಲತಾಣ ಬೇಕೇ? ಎರಡನ್ನೂ ಬಹುಕಾಲ ಬಳಸಿದ ಮೇಲೆ

ಕನ್ನಡದಲ್ಲಿ ನಿಯಮಿತವಾಗಿ ಬರೆಯಬೇಕೆಂದಿರುವವರು ಬ್ಲಾಗರ್‌ನಂಥ ಸರಳ ವೇದಿಕೆಯಲ್ಲಿ ಆರಂಭಿಸುವುದೇ ಒಳ್ಳೆಯದು. ಆದರೆ ಮೊದಲ ಬರಹ ಪ್ರಕಟಿಸುವುದಕ್ಕೂ ಮುನ್ನ ತಮ್ಮದೇ ಆದ ಒಂದು ಡೊಮೇನ್ ಹೆಸರನ್ನು, ಅಂದರೆ ಅಂತರ್ಜಾಲದಲ್ಲಿ ತಮ್ಮ ಸ್ವಂತ ವಿಳಾಸವನ್ನು, ಕೊಂಡುಕೊಳ್ಳಬೇಕು. ಎರಡೂ ಬಗೆಯ ವ್ಯವಸ್ಥೆಯನ್ನು ವರ್ಷಗಟ್ಟಲೆ ಬಳಸಿದ ಮೇಲೆ ನನಗೆ ಮನದಟ್ಟಾಗಿರುವುದು ಇಷ್ಟು. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು, ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಕನಾಗಿದ್ದು ನಿವೃತ್ತನಾದವನು. ಊರಿನ ಯಕ್ಷಗಾನ ಕೂಟ, ಓದಿದ ಪುಸ್ತಕ, ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿ ಇವುಗಳ ಬಗೆಗಿನ ಬರಹಗಳು ಬ್ಲಾಗರ್‌ನಲ್ಲಿವೆ. ನಮ್ಮ ಕಡೆಯ ನೀರಿನ ಆಸರೆಗಳಾದ ಸುರಂಗ, ಮದಕ (ಮಳೆನೀರು ನಿಲ್ಲುವ ಕೆರೆ), ಕಟ್ಟ (ತೋಡಿಗೆ ಹಾಕುವ ಒಡ್ಡು) ಇವುಗಳ ವಿವರಗಳನ್ನು ಹಾಗೂ ಸ್ಥಳನಾಮಗಳ ಪಟ್ಟಿಯನ್ನು ವರ್ಡ್‌ಪ್ರೆಸ್ ತಂತ್ರಾಂಶ ಬಳಸಿ ಕಟ್ಟಿದ ಸ್ವಂತ ಜಾಲತಾಣದಲ್ಲಿ ಇಟ್ಟಿದ್ದೇನೆ.

ಬ್ಲಾಗರ್ 1999ರಲ್ಲಿ ಪೈರಾ ಲ್ಯಾಬ್ಸ್ ಎಂಬ ಸಣ್ಣ ಸಂಸ್ಥೆಯಿಂದ ಆರಂಭವಾಗಿ 2003ರಲ್ಲಿ ಗೂಗಲ್‌ನ ಪಾಲಾಯಿತು. ಅದರ ಬಹು ದೊಡ್ಡ ಗುಣವೆಂದರೆ ಅದು ಬರೆಯುವವನಿಂದ ಬರವಣಿಗೆಯನ್ನಲ್ಲದೆ ಬೇರೇನನ್ನೂ ಕೇಳುವುದಿಲ್ಲ. ತಂತ್ರಾಂಶದ ಹೊಸ ಆವೃತ್ತಿಗೆ ಬದಲಾಯಿಸಿಕೊಳ್ಳುವ ಕೆಲಸವಾಗಲಿ, ಸರ್ವರಿನ ಬಾಡಿಗೆಯಾಗಲಿ, ಭದ್ರತಾ ಪ್ರಮಾಣಪತ್ರದ ನವೀಕರಣವಾಗಲಿ ನಮ್ಮ ತಲೆಗೆ ಬರುವುದಿಲ್ಲ. ಜೂನ್ ತಿಂಗಳಲ್ಲಿ ಗಾಳಿಮಳೆಗೆ ವಿದ್ಯುತ್ ಹೋಗಿ ಫೋನಿನ ಚಾರ್ಜು ಮಾತ್ರ ಉಳಿದಿರುವ ಸಂಜೆಯಲ್ಲೂ ಒಂದು ಬರಹವನ್ನು ಅದರಲ್ಲಿ ತಿದ್ದಿ ಪ್ರಕಟಿಸಬಹುದು. ಅದರ ವಿನ್ಯಾಸಗಳು ಹಳೆಯ ಕಾಲದವು ಎಂಬ ಮಾತು ನಿಜ. ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರಗಳ ಅಳತೆಗೆ ಮಾಡಿದವಾದ್ದರಿಂದ ಸಾಲುಗಳ ನಡುವಿನ ಅಂತರ ಕಡಿಮೆಯಿದ್ದು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಾಕ್ಷರಕ್ಕೆ ತಾಗಿಕೊಂಡಂತೆ ಕಾಣುತ್ತದೆ. ವಿನ್ಯಾಸದ ಕೋಡ್ ಒಳಗೆ ಸಾಲಿನ ಎತ್ತರವನ್ನು 1.8ಕ್ಕೆ ಏರಿಸಿ, ನೋಟೊ ಸೆರಿಫ್ ಕನ್ನಡದಂಥ ಒಂದು ಅಕ್ಷರವಿನ್ಯಾಸವನ್ನು ಸೇರಿಸಿದರೆ ಪುಟ ಚೊಕ್ಕಟವಾಗುತ್ತದೆ. ವಯಸ್ಸಾದ ಓದುಗರು ಹೆಚ್ಚಿರುವ ನಮ್ಮಂಥವರ ಬರಹಗಳಿಗೆ ಇದು ಬಹಳ ಮುಖ್ಯ.

ಕನ್ನಡದಲ್ಲಿ ಬರೆಯುವವರು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಬರಹದ ಕೊಂಡಿಯನ್ನು (ಲಿಂಕ್), ಏಕೆಂದರೆ ಒಮ್ಮೆ ವಾಟ್ಸ್ಆಪ್ ಬಳಗಗಳಲ್ಲಿ ಹಂಚಿಹೋದ ಕೊಂಡಿಯನ್ನು ಹಿಂದಕ್ಕೆ ತರಲು ಸಾಧ್ಯವಿಲ್ಲ. ಶೀರ್ಷಿಕೆ ಪೂರ್ತಿ ಕನ್ನಡ ಲಿಪಿಯಲ್ಲಿದ್ದರೆ ಬ್ಲಾಗರ್ ಅದರಿಂದ ಕೊಂಡಿ ಕಟ್ಟುವುದಿಲ್ಲ. 'ಬ್ಲಾಗ್-ಪೋಸ್ಟ್' ಎಂಬ ಹೆಸರಿಟ್ಟು, ಮುಂದಿನ ಬರಹಗಳಿಗೆ ಅದರ ಬಾಲಕ್ಕೆ ಒಂದೊಂದು ಸಂಖ್ಯೆ ಸೇರಿಸುತ್ತ ಹೋಗುತ್ತದೆ. ಪ್ರಕಟಿಸುವ ಮೊದಲು ಬಲಬದಿಯ ಸೌಲಭ್ಯದಲ್ಲಿ ನಮ್ಮದೇ ಕೊಂಡಿಯನ್ನು ರೋಮನ್ ಅಕ್ಷರಗಳಲ್ಲಿ ಬರೆದುಕೊಡುವ ಅವಕಾಶವಿದೆ; ಪ್ರತಿ ಬರಹಕ್ಕೂ ತಪ್ಪದೆ ಅದನ್ನು ಬಳಸಬೇಕು.

ವರ್ಡ್‌ಪ್ರೆಸ್ ಇದಕ್ಕೆ ವಿರುದ್ಧ. ಅದು ಕನ್ನಡ ಶೀರ್ಷಿಕೆಯಿಂದಲೇ ಕೊಂಡಿ ಮಾಡುತ್ತದೆ, ಮತ್ತು ಅಲ್ಲಿಯೇ ಬೇರೊಂದು ತೊಡಕು ಹುಟ್ಟುತ್ತದೆ. ಯುನಿಕೋಡ್‌ನ ಯುಟಿಎಫ್-8 ಎಂಬ, ಕಂಪ್ಯೂಟರು ಅಕ್ಷರಗಳನ್ನು ಉಳಿಸಿಡುವ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಜಾಗ ಬೇಕು. ಕೊಂಡಿಯಲ್ಲಿ ಅದು ಶೇಕಡಾ ಚಿಹ್ನೆಗಳೊಂದಿಗೆ ಒಂಬತ್ತು ಸ್ಥಾನ ತಿನ್ನುತ್ತದೆ. ವರ್ಡ್‌ಪ್ರೆಸ್ ಕೊಂಡಿಯ ಹೆಸರಿಗೆ ಇಟ್ಟಿರುವ ಮಿತಿ 200 ಸ್ಥಾನ. ಅಂದರೆ ಇಪ್ಪತ್ತೆರಡು ಸಂಕೇತ ದಾಟುತ್ತಿದ್ದಂತೆ ಕತ್ತರಿ ಬೀಳುತ್ತದೆ. ಒತ್ತು, ಕೊಂಬು, ಸೊನ್ನೆ ಎಲ್ಲವೂ ಬೇರೆ ಬೇರೆ ಸಂಕೇತಗಳೆಂದು ಎಣಿಕೆಯಾಗುವುದರಿಂದ ಆ ಮಿತಿ ಬಹುಬೇಗ ಮುಗಿಯುತ್ತದೆ. 'ಎಣ್ಮಕಜೆ ಗ್ರಾಮದ ಹಳೆಯ ಸುರಂಗಗಳು' ಎಂದು ಶೀರ್ಷಿಕೆ ಕೊಟ್ಟರೆ ಕೊಂಡಿಯಲ್ಲಿ 'ಎಣ್ಮಕಜೆ-ಗ್ರಾಮದ-ಹಳೆಯ-ಸುರಂ' ಎಂಬಷ್ಟು ಉಳಿಯುತ್ತದೆ. ಅದನ್ನೇ ನಕಲು ಮಾಡಿ ಕಳಿಸಿದಾಗ ಓದುಗರ ಫೋನಿನಲ್ಲಿ ಅರ್ಥವಾಗದ ಚಿಹ್ನೆಗಳ ನಾಲ್ಕೈದು ಸಾಲು ಮೂಡುವುದೂ ಉಂಟು, ಮತ್ತು ಅಂಥ ಕೊಂಡಿಯನ್ನು ಮೋಸದ ಸಂದೇಶವೆಂದು ಭಾವಿಸಿ ತೆರೆಯದೆ ಬಿಡುವವರನ್ನು ನಾನು ಬಲ್ಲೆ. ಎರಡು ಕಡೆಯೂ ಪರಿಹಾರ ಒಂದೇ: ಶೀರ್ಷಿಕೆ ಕನ್ನಡದಲ್ಲಿ, ಕೊಂಡಿ ರೋಮನ್ ಅಕ್ಷರಗಳಲ್ಲಿ, ಚಿಕ್ಕದಾಗಿ.

ಡೊಮೇನ್ ಹೆಸರಿನ ವಿಚಾರದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬ್ಲಾಗರ್ ಉಚಿತವಾಗಿ ಕೊಡುವ ವಿಳಾಸದ ಹೆಸರು ಬ್ಲಾಗ್‌ಸ್ಪಾಟ್. 2012ರಿಂದ ಕೆಲವು ವರ್ಷ ಗೂಗಲ್ ಭಾರತದ ಓದುಗರನ್ನು ಬ್ಲಾಗ್‌ಸ್ಪಾಟ್‌ನ 'ಡಾಟ್ ಕಾಮ್' ವಿಳಾಸದಿಂದ 'ಡಾಟ್ ಇನ್' ವಿಳಾಸಕ್ಕೆ ತಿರುಗಿಸುತ್ತಿತ್ತು. ಹೀಗಾಗಿ ನಮ್ಮ ಜನ ಬ್ರೌಸರಿನ ಪಟ್ಟಿಯಿಂದ ನಕಲು ಮಾಡಿ ಹಂಚಿಕೊಂಡ ಕೊಂಡಿಗಳಲ್ಲಿ ಬಹುಪಾಲು 'ಡಾಟ್ ಇನ್' ಕೊಂಡಿಗಳೇ. ಮುಂದೆ ಆ ಪದ್ಧತಿ ನಿಂತಿತು. 2020ರಲ್ಲಿ ಆ 'ಡಾಟ್ ಇನ್' ಹೆಸರು ಗೂಗಲ್‌ನ ಕೈತಪ್ಪಿ ಬೇರೆಯವರ ವಶವಾಯಿತು. ಬರಹಗಳು ಮೂಲ ವಿಳಾಸದಲ್ಲಿ ಸುರಕ್ಷಿತವಾಗಿಯೇ ಇದ್ದವು, ಅವುಗಳತ್ತ ಕೈತೋರುತ್ತಿದ್ದ ಹಳೆಯ ಕೊಂಡಿಗಳು ಮಾತ್ರ ಸತ್ತುಹೋದವು. ಇನ್ನೊಬ್ಬರ ಹೆಸರಿನ ಅಡಿಯಲ್ಲಿ ನಮ್ಮ ವಿಳಾಸವಿದ್ದರೆ ಅದರ ಅಳಿವು ಉಳಿವಿನಲ್ಲಿ ನಮ್ಮ ಮಾತು ನಡೆಯುವುದಿಲ್ಲ.

ಸ್ವಂತ ಡೊಮೇನನ್ನು ಬ್ಲಾಗರ್‌ಗೆ ಜೋಡಿಸಲು ಗೂಗಲ್ ಹಣ ಕೇಳುವುದಿಲ್ಲ, ಹಳೆಯ ಬ್ಲಾಗ್‌ಸ್ಪಾಟ್ ವಿಳಾಸಕ್ಕೆ ಬಂದವರು ತಾವಾಗಿಯೇ ಹೊಸ ವಿಳಾಸಕ್ಕೆ ತಲುಪುತ್ತಾರೆ. ಖರ್ಚೆಂದರೆ ಡೊಮೇನಿನ ವಾರ್ಷಿಕ ಶುಲ್ಕ, ಸುಮಾರು ಸಾವಿರ ರೂಪಾಯಿಯ ಆಸುಪಾಸು. ಮುಂದೆ ಎಂದಾದರೂ ಜಾಲತಾಣ ಕಟ್ಟುವ ಮನಸ್ಸಾದರೆ ಹೆಸರು ಅದೇ ಉಳಿಯುತ್ತದೆ. ಬ್ಲಾಗರ್‌ನ ಕೊಂಡಿಗಳಲ್ಲಿ ವರ್ಷ, ತಿಂಗಳು, ಹೆಸರು, ಕೊನೆಗೆ 'ಎಚ್‌ಟಿಎಂಎಲ್' ಎಂಬ ಕ್ರಮವಿದೆ. ವರ್ಡ್‌ಪ್ರೆಸ್‌ನ ಸಂಯೋಜನೆಗಳಲ್ಲಿ ಕೊಂಡಿಗೆ ಅದೇ ಕ್ರಮವನ್ನು ಕೊಟ್ಟು, ಬರಹಗಳನ್ನು ಆಮದು ಮಾಡಿಕೊಂಡರೆ ಹಳೆಯ ಕೊಂಡಿಗಳು ಕೆಡುವುದಿಲ್ಲ. ಚಿತ್ರಗಳು ಮಾತ್ರ ಗೂಗಲ್‌ನ ಸರ್ವರಿನಲ್ಲೇ ಉಳಿದಿವೆಯೇ ಎಂದು ಒಂದೊಂದಾಗಿ ನೋಡಿಕೊಳ್ಳಬೇಕಾಗುತ್ತದೆ.

ಹಾಗಾದರೆ ಸ್ವಂತ ಜಾಲತಾಣ ಯಾತಕ್ಕೆ? ಬ್ಲಾಗರ್‌ನ ಜೋಡಣೆ ದಿನಾಂಕವನ್ನು ಅವಲಂಬಿಸಿದೆ, ಹೊಸತು ಮೇಲೆ, ಹಳೆಯದು ಕೆಳಗೆ. ಪುಸ್ತಕ ಪರಿಚಯಕ್ಕೆ ಅದು ಸರಿ. ಸುರಂಗಗಳಿಗೆ ಸರಿಯಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಈ ಸುರಂಗಗಳ ಬಗ್ಗೆ ಓದಲು ಬರುವವರು ನಾನು ಯಾವ ತಿಂಗಳು ಬರೆದೆ ಎಂದು ಕೇಳುವುದಿಲ್ಲ. ಬಾಯಾರಿನವು ಯಾವುವು, ಪೆರ್ಲದ ಕಡೆಯವು ಯಾವುವು, ಯಾವುದರಲ್ಲಿ ಬೇಸಗೆಯಲ್ಲೂ ನೀರಿದೆ ಎಂದು ಕೇಳುತ್ತಾರೆ. ಪ್ರತಿ ಸುರಂಗಕ್ಕೂ ಗ್ರಾಮ, ಉದ್ದ, ನೀರಿರುವ ತಿಂಗಳುಗಳು, ತೋಡಿದವರ ಬಗ್ಗೆ ಮನೆಯವರು ಹೇಳಿದ ಮಾತು ಹೀಗೆ ಪ್ರತ್ಯೇಕ ಅಂಕಣಗಳಿರುವ ಪುಟ ಬೇಕು. ಸ್ಥಳನಾಮಗಳ ವಿಚಾರದಲ್ಲಂತೂ ಇದು ಅನಿವಾರ್ಯ. ನಮ್ಮಲ್ಲಿ ಮಂಜೇಶ್ವರವನ್ನು ಕೆಲವರು ಕನ್ನಡದಲ್ಲಿ ಹುಡುಕುತ್ತಾರೆ, ಕೆಲವರು ಮಲಯಾಳದಲ್ಲಿ, ಹೊರನಾಡಿನಲ್ಲಿರುವ ಮಕ್ಕಳು ರೋಮನ್ ಅಕ್ಷರಗಳಲ್ಲಿ. ಮೂರೂ ರೂಪ ಒಂದೇ ಪುಟಕ್ಕೆ ಕರೆತರಬೇಕು. ಬ್ಲಾಗರ್‌ನ ಲೇಬಲ್‌ಗಳಿಂದ ಇದನ್ನು ಸ್ವಲ್ಪ ಮಟ್ಟಿಗೆ ಮಾಡಬಹುದಾದರೂ ಸಂಗ್ರಹ ಬೆಳೆದಂತೆ ಅದು ಕೈಗೆ ಹಿಡಿಯದಂತಾಗುತ್ತದೆ. ಸ್ವಂತ ಜಾಲತಾಣದಲ್ಲಿ ಈ ವ್ಯವಸ್ಥೆ ಸಿದ್ಧವಾದ ಮೇಲೆ, ಹಿಂದೆ ಕಂಡಿಲ್ಲದ ಓದುಗರು ಬಂದು ತಮ್ಮ ತೋಟದ ಸುರಂಗದ ಅಳತೆಯನ್ನು ಬರೆದು ತಿಳಿಸಿದ್ದಾರೆ. ಆ ಸಂತೋಷಕ್ಕೆ ನಾನು ಕೊಟ್ಟ ಹಣವೂ ಶ್ರಮವೂ ಹೆಚ್ಚೆಂದು ನನಗೆ ಅನ್ನಿಸಿಲ್ಲ.

ಆದರೂ ಶ್ರಮ ಎಂಥದೆಂಬುದನ್ನು ಹೊಸಬರು ತಿಳಿದಿರಬೇಕು. ಹೋಸ್ಟಿಂಗ್ ಸಂಸ್ಥೆಯೊಂದು, ಅಂದರೆ ಜಾಲತಾಣಕ್ಕೆ ಜಾಗ ಬಾಡಿಗೆ ಕೊಡುವ ಸಂಸ್ಥೆ, ತನ್ನ ಸರ್ವರನ್ನು ಬದಲಿಸಿದಾಗ ಬರಹಗಳೆಲ್ಲ ಇರುವ ನಮ್ಮ ದತ್ತಸಂಚಯವನ್ನು (ಡೇಟಾಬೇಸ್) ತಪ್ಪಾದ ಅಕ್ಷರಸಂಕೇತದಲ್ಲಿ ಸಾಗಿಸಿತು. ಮರುದಿನ ಬೆಳಿಗ್ಗೆ ಜಾಲತಾಣ ತೆರೆದರೆ ಕನ್ನಡವೇ ಇರಲಿಲ್ಲ. ಪ್ರತಿ ಅಕ್ಷರದ ಜಾಗದಲ್ಲಿ ಮೇಲೊಂದು ಓರೆಗೆರೆ ಹೊತ್ತ ರೋಮನ್ 'ಎ', ಅದರ ಪಕ್ಕ ಗಣಿತದ ವರ್ಗಚಿಹ್ನೆಯಂಥ ಪುಟ್ಟ 2 ಅಥವಾ 3, ಆಮೇಲೆ ಇನ್ನೊಂದು ಗುರುತು. ಕನ್ನಡದ ಮೂರು ಬೈಟ್‌ಗಳನ್ನು ಯಂತ್ರ ಮೂರು ಬಿಡಿ ಅಕ್ಷರಗಳೆಂದು ಓದಿಕೊಂಡಿತ್ತು. ಗ್ರಾಹಕ ಸೇವೆಯವರು ಇದು ಅಕ್ಷರವಿನ್ಯಾಸದ ದೋಷವೆಂದು ವಾದಿಸುತ್ತ ಕೆಲವು ದಿನ ಕಳೆದರು. ಕೊನೆಗೆ ನಮ್ಮೂರಿನ ಒಬ್ಬ ಯುವಕ, "ಮಾಷ್ಟ್ರೇ, ಅಕ್ಷರ ಎಲ್ಲಿಗೂ ಹೋಗಿಲ್ಲ, ಓದುವ ಕ್ರಮ ಮಾತ್ರ ತಪ್ಪಿದೆ" ಎಂದು ಹೇಳಿ, ನನ್ನ ಬಳಿಯಿದ್ದ ಪ್ರತಿಯನ್ನು ಸರಿಯಾದ ಸಂಕೇತದಲ್ಲಿ ಮತ್ತೆ ಏರಿಸಿಕೊಟ್ಟ. ನನ್ನದೇ ಕಂಪ್ಯೂಟರಿನಲ್ಲಿ ಪ್ರತಿ ಇಲ್ಲದಿದ್ದರೆ ಆ ಕೆಲಸ ಇಷ್ಟು ಸುಲಭವಾಗುತ್ತಿರಲಿಲ್ಲ.

ಇದಲ್ಲದೆ ವರ್ಡ್‌ಪ್ರೆಸ್ ನಿಂತಿರುವುದು ಪಿಎಚ್‌ಪಿ ಎಂಬ ಭಾಷೆಯ ಮೇಲೆ, ಅದರ 7.4 ಆವೃತ್ತಿಗೆ ಭದ್ರತಾ ಬೆಂಬಲ 2022ರ ನವೆಂಬರ್‌ನಲ್ಲಿ ಮುಗಿಯಿತು. ಎಂಟನೆಯ ಆವೃತ್ತಿಗೆ ಹೋಗುವಾಗ ಹಳೆಯ ವಿನ್ಯಾಸಗಳೂ ಹೆಚ್ಚುವರಿ ಸೌಲಭ್ಯ ಕೊಡುವ ಪ್ಲಗಿನ್‌ಗಳೂ ಕೆಲಸ ನಿಲ್ಲಿಸಬಹುದು. ಮೊದಲ ವರ್ಷ ಅಗ್ಗಕ್ಕೆ ಸಿಗುವ ಹೋಸ್ಟಿಂಗ್, ನವೀಕರಣದ ಹೊತ್ತಿಗೆ ಹಲವು ಪಟ್ಟು ಏರಿರುತ್ತದೆ. ಅದರ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಜಾಹೀರಾತಿನ ದರ ನೋಡದೆ ನವೀಕರಣದ ದರ ಕೇಳಿಯೇ ಒಪ್ಪಬೇಕು.

ಓದುಗರ ಪ್ರತಿಕ್ರಿಯೆಗಳನ್ನು ಬರಹದಷ್ಟೇ ಜೋಪಾನ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಗೂಗಲ್ ಪ್ಲಸ್ ಎಂಬ ಗೂಗಲ್‌ನ ಸಾಮಾಜಿಕ ಜಾಲ ಮುಚ್ಚಿದಾಗ, 2019ರಲ್ಲಿ, ಅದರ ಮೂಲಕ ಬ್ಲಾಗ್‌ಗಳಲ್ಲಿ ಬರೆದಿದ್ದ ಪ್ರತಿಕ್ರಿಯೆಗಳೆಲ್ಲ ಅಳಿಸಿಹೋದವು. ನಮ್ಮ ಕಡೆಯ ಹಿರಿಯರು ಅರ್ಥಗಾರಿಕೆಯ ಬಗ್ಗೆ, ತಾಳಮದ್ದಳೆಯ ಹಳೆಯ ಕೂಟಗಳ ಬಗ್ಗೆ ಬರೆಯುವ ನಾಲ್ಕು ಸಾಲು ಬೇರೆಲ್ಲಿಯೂ ದಾಖಲಾಗಿರುವುದಿಲ್ಲ. ಬ್ಲಾಗರ್ ಕೊಡುವ ಬ್ಯಾಕಪ್ ಕಡತದಲ್ಲಿ ಬರಹದ ಜೊತೆಗೆ ಪ್ರತಿಕ್ರಿಯೆಗಳೂ ಬರುತ್ತವೆ; ಆಗಾಗ ಅದನ್ನು ಇಳಿಸಿಕೊಳ್ಳಬೇಕು.

ನನ್ನ ವಯಸ್ಸಿನವರಿಗೆ ಇನ್ನೊಂದು ಪ್ರಶ್ನೆಯೂ ಇದೆ: ನಮ್ಮ ನಂತರ ಏನು? ಸ್ವಂತ ಜಾಲತಾಣ ಬಾಡಿಗೆ ಕಟ್ಟದ ವರ್ಷವೇ ಕಣ್ಮರೆಯಾಗುತ್ತದೆ. ಬ್ಲಾಗರ್‌ಗೆ ಬಾಡಿಗೆಯಿಲ್ಲ, ಆದರೆ ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಗೂಗಲ್ ಖಾತೆಯ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್' ಎಂಬ ಸೌಲಭ್ಯದಲ್ಲಿ, ಖಾತೆ ಇಂತಿಷ್ಟು ತಿಂಗಳು ನಿಶ್ಚಲವಾದರೆ ಯಾರಿಗೆ ತಿಳಿಸಬೇಕು, ಯಾವ ಮಾಹಿತಿ ಕೊಡಬೇಕು ಎಂದು ಮೊದಲೇ ಗೊತ್ತುಪಡಿಸಬಹುದು. ನಾನು ನನ್ನ ಮಗಳ ಹೆಸರು ಕೊಟ್ಟಿದ್ದೇನೆ. ಡೊಮೇನನ್ನು ಒಮ್ಮೆಗೇ ಗರಿಷ್ಠ 10 ವರ್ಷಕ್ಕೆ ನೋಂದಾಯಿಸಲು ಸಾಧ್ಯವಿದೆ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಮುಖ್ಯ ಪುಟಗಳನ್ನು ಯಾರು ಬೇಕಾದರೂ ಉಚಿತವಾಗಿ ಉಳಿಸಿಡಬಹುದು. ಸುರಂಗಗಳ ಪುಟಗಳನ್ನು ನಾನು ಅಲ್ಲಿ ಸೇರಿಸುತ್ತ ಬಂದಿದ್ದೇನೆ.

ಕಥೆ, ಕವಿತೆ, ಅಂಕಣ, ಪ್ರವಾಸಾನುಭವ ಬರೆಯುವವರಿಗೆ ಸ್ವಂತ ಡೊಮೇನಿನ ಬ್ಲಾಗರ್ ಧಾರಾಳವಾಗಿ ಸಾಕು. ಅವರಿಗೆ ಜಾಲತಾಣ ಕಟ್ಟಿಕೊಡುತ್ತೇವೆಂದು ಬರುವವರ ಮಾತಿಗೆ ಬೇಗ ಒಪ್ಪದಿರುವುದೇ ಲೇಸು. ಊರಿನ ಇತಿಹಾಸ, ಪದಕೋಶ, ಹಳೆಯ ದಾಖಲೆ, ಕಲಾವಿದರ ವಿವರಗಳಂಥ ಸಂಗ್ರಹವಿರುವವರಿಗೆ ಜಾಲತಾಣ ಬೇಕು, ಜೊತೆಗೆ ಕರೆದಾಗ ಬರುವ ಒಬ್ಬ ತಿಳಿದವರೂ ಬೇಕು. ಯಾವುದನ್ನೇ ಆರಿಸಿದರೂ ಡೊಮೇನನ್ನು ವಿನ್ಯಾಸ ಮಾಡಿಕೊಡುವವರ ಹೆಸರಿನಲ್ಲಿ ನೋಂದಾಯಿಸಲು ಬಿಡಬಾರದು. ನೋಂದಣಿ ಖಾತೆ ನಿಮ್ಮ ಇಮೇಲಿನಲ್ಲಿರಲಿ, ಅದರ ಗುಪ್ತಪದ ಮನೆಯ ಇನ್ನೊಬ್ಬರಿಗೂ ತಿಳಿದಿರಲಿ.