ಅಶ್ವಗಂಧ ಬೇರಿನ ಪುಡಿ: ಎಂಟು ತಿಂಗಳು ತಗೊಂಡ ಮೇಲೆ

ಧಾರವಾಡದಿಂದ ಹುಬ್ಬಳ್ಳಿ ಗೋಕುಲ ರಸ್ತೆಗೆ ಲೆಕ್ಕಪತ್ರದ ಕೆಲಸಕ್ಕೆ ದಿನಾ ಓಡಾಡುವವಳು ನಾನು. ಕಳೆದ ವರ್ಷ ಮಾರ್ಚ್ ಎಂಡಿಂಗ್ ಮುಗಿದರೂ ಎದೆಯ ಡವಡವ ಮುಗಿಯಲಿಲ್ಲ. ಚಿಗರಿ ಬಸ್ಸು ನವನಗರ ದಾಟುತ್ತಿದ್ದಂತೆ ಅಂಗೈ ಬೆವರುತ್ತಿತ್ತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಡಾಕ್ಟರು ಇಸಿಜಿ, ರಕ್ತ ಎಲ್ಲ ನೋಡಿ ಇದು ಆತಂಕ ಎಂದರು. ಅವರನ್ನು ಕೇಳಿಯೇ ಅಶ್ವಗಂಧ ಶುರು ಮಾಡಿದೆ.

ನಮ್ಮವ್ವ ಇದಕ್ಕೆ ಹಿರೇಮದ್ದಿನ ಬೇರು ಅಂತಾಳೆ. "ಸೊರಗಿದವ್ರಿಗೆ ಹಾಲಾಗ ಕುದಿಸಿ ಕೊಡತಿದ್ರವ್ವಾ, ಹೊಸಾದೇನಲ್ಲ" ಅಂದಳು.

ಮೊದಲ ಪೊಟ್ಟಣದಲ್ಲೇ ಮೋಸ ಹೋದೆ. ಪುಡಿ ಹಸಿರು ಹಸಿರಾಗಿತ್ತು. ನಾಲ್ಕು ದಿನ ಹೊಟ್ಟೆ ಕೆಟ್ಟಿತು. ಪರಿಚಯದ ವೈದ್ಯರು ಚಿಟಿಕೆ ಮೂಸಿ, "ಎಲಿ, ಕಡ್ಡಿ ಕೂಡ್ಸ್ಯಾರ" ಎಂದರು. ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ತಿಳಿಸಿದೆ. ಆ ಪೊಟ್ಟಣದ ನಂತರ ಇಡೀ ಬೇರನ್ನೇ ಕೊಳ್ಳುತ್ತೇನೆ: ಹೊರಗೆ ಕಂದು, ಒಳಗೆ ಕೆನೆ ಬಣ್ಣ, ಮುರಿದರೆ ಲಟಕ್ಕನೆ ಎರಡಾಗಬೇಕು. ಮಿಕ್ಸರ್‌ಗೆ ಹಾಕಿ ತೆಳು ಬಟ್ಟೆಯಲ್ಲಿ ಸೋಸಿದರೆ ಕುದುರೆ ಲಾಯದ ವಾಸನೆ ಅಡುಗೆಮನೆ ತುಂಬ. ಹೆಸರು ಬಂದದ್ದೇ ಆ ವಾಸನೆಯಿಂದ. ಬಿಸಿ ಹಾಲಿಗೆ ನೇರವಾಗಿ ಸುರಿದರೆ ಗಂಟು ಕಟ್ಟುತ್ತದೆ, ಮೊದಲು ಎರಡು ಚಮಚ ತಣ್ಣನೆ ಹಾಲಿನಲ್ಲಿ ಕಲಸಿಕೊಳ್ಳಬೇಕು.

2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒತ್ತಡದಲ್ಲಿದ್ದ 64 ಜನರನ್ನು 60 ದಿನ ನೋಡಿದ್ದಾರೆ. ಬೇರಿನ ಸಾರ ತಗೊಂಡವರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಸುಮಾರು ಶೇ. 28 ಇಳಿದಿತ್ತು. ಅದು 300 ಮಿಲಿಗ್ರಾಮಿನ ಸಾರ, ದಿನಕ್ಕೆ ಎರಡು ಬಾರಿ. ನನ್ನದು ಬರೀ ಪುಡಿ, ರಾತ್ರಿ ಒಂದು ಚಮಚ, ಅಂದರೆ ಸುಮಾರು 3 ಗ್ರಾಮ್. ಎರಡೂ ಒಂದೇ ಅಲ್ಲ. ಆದರೂ 60 ದಿನದ ಲೆಕ್ಕ ಹಿಡಿದೆ. ಮಲಗುವ ಮುಂಚೆ ಕ್ಯಾಲೆಂಡರಿನ ಚೌಕದಲ್ಲಿ ಆ ದಿನದ ಕಳವಳಕ್ಕೆ ಹತ್ತರಲ್ಲಿ ಎಷ್ಟೆಂದು ಅಂಕ ಬರೆಯುತ್ತಿದ್ದೆ. ಮೊದಲೆಲ್ಲ ಏಳು, ಎಂಟು. ಮೂರು ವಾರ ಏನೂ ಬದಲಾಗಲಿಲ್ಲ, ಬೆಳಗ್ಗೆ ತೂಕಡಿಕೆ ಮಾತ್ರ ಜಾಸ್ತಿ. ಐದನೇ ವಾರಕ್ಕೆ ಐದರ ಆಸುಪಾಸು ಬಂತು. ಮೂರು ಗಂಟೆಗೆ ಎಚ್ಚರವಾದರೂ ಮತ್ತೆ ಕಣ್ಣು ಮುಚ್ಚುತ್ತಿತ್ತು, ನನಗೆ ಅದೇ ದೊಡ್ಡ ಸಮಾಧಾನ.

ಅಷ್ಟರಲ್ಲಿ ಆಫೀಸಿನ ಕೆಲಸವೂ ಹಗುರಾಗಿತ್ತು. ಗುಣ ಯಾವುದರದ್ದು? ನೋಡಿಯೇ ಬಿಡೋಣವೆಂದು ಮೂರು ವಾರ ಪುಡಿ ನಿಲ್ಲಿಸಿದೆ. ನಿದ್ದೆ ಮತ್ತೆ ಹರಿದು ಹರಿದು ಬಂತು, ಅಂಕ ಆರಕ್ಕೆ ಏರಿತು. ಬಸ್ಸಿನಲ್ಲಿ ಅಂಗೈ ಬೆವರುವುದು ಮಾತ್ರ ಪುಡಿ ಇದ್ದಾಗಲೂ ಇತ್ತು, ಇಲ್ಲದಾಗಲೂ ಇತ್ತು. ಅದಕ್ಕೆ ಈಗ ಆಪ್ತಸಮಾಲೋಚಕರ ಹತ್ತಿರ ಹೋಗುತ್ತಿದ್ದೇನೆ, ಅದು ಮೊದಲೇ ಮಾಡಬೇಕಿದ್ದ ಕೆಲಸ.

ಥೈರಾಯ್ಡ್ ಗುಳಿಗೆ ನುಂಗುವ ತಂಗಿ "ಅಕ್ಕಾ, ನನಗೂ ಒಂದೀಟು ಕೊಡ" ಅಂದಾಗ ಕೊಡಲಿಲ್ಲ. ಇದು ಥೈರಾಯ್ಡ್ ಹಾರ್ಮೋನು ಏರಿಸಬಹುದು. ಬಸುರಿಯರಿಗಂತೂ ಬೇಡವೇ ಬೇಡ. ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಬಿದ್ದದ್ದೂ ಇದೆ, ಹಾಗಾಗಿ ನಾಲ್ಕನೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ, ಸರಿಯಿತ್ತು.

ಈಗ ಎರಡು ತಿಂಗಳು ತಗೊಂಡು ಮೂರು ವಾರ ಬಿಡುತ್ತೇನೆ. ಮೊನ್ನೆ ಆಡಿಟ್ ಹಿಂದಿನ ರಾತ್ರಿ ಮತ್ತೆ ಎಂಟು ಬರೆದೆ. ಮರುದಿನದ ಚೌಕದಲ್ಲಿ ನಾಲ್ಕಿದೆ.